ಹಳೆಯ ಗಣಿಗಳ ಹುಳಿನೀರು ಮತ್ತು ಊರ ಹಳ್ಳಗಳು

ಸುರಪುರ ತಾಲೂಕಿನ ಮಂಗಳೂರು ಮತ್ತು ಕಿರದಳ್ಳಿ ಗ್ರಾಮಗಳ ಸೀಮೆಯಲ್ಲಿ, ಗ್ರಾನೈಟ್ ಕಲ್ಲಿನ ನೆಲದ ನಡುವೆ ಕಪ್ಪು-ಹಸುರು ಬಣ್ಣದ ಬೇರೊಂದು ಬಗೆಯ ಕಲ್ಲಿನ ಪಟ್ಟಿಯು ಹಾದುಹೋಗಿರುವುದು. ಭೂಗರ್ಭಶಾಸ್ತ್ರಜ್ಞರು ಇದನ್ನು ಮಂಗಳೂರು ಹಸುರು ಶಿಲಾಪಟ್ಟಿಯೆಂದು ಕರೆಯುತ್ತಾರೆ. ಕರಾವಳಿಯ ಮಂಗಳೂರಿಗೂ ಇದಕ್ಕೂ ಹೆಸರೊಂದನ್ನು ಬಿಟ್ಟರೆ ಬೇರೆ ಸಂಬಂಧವಿಲ್ಲ. ಕೃಷ್ಣೆಯ ಆಚೆ ದಡದಲ್ಲಿ, ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನ ದೊರೆಯುವುದು ಇದೇ ಜಾತಿಯ ಕಲ್ಲಿನಲ್ಲಿ. ಹಟ್ಟಿಯಲ್ಲಿ ಸುಮಾರು 2000 ವರ್ಷಗಳಷ್ಟು ಹಿಂದೆಯೇ ಜನರು ಬಹು ಆಳಕ್ಕೆ ಇಳಿದು ಚಿನ್ನವನ್ನು ಅಗೆದಿದ್ದರೆಂಬುದಕ್ಕೆ ಗುರುತುಗಳಿವೆ. ಮಂಗಳೂರು ಪಟ್ಟಿಯಲ್ಲಿಯೂ ಚಿನ್ನದ ಅಗೆತ ನಡೆದು ನಿಂತಿತು. ಚಿನ್ನವು ಊರನ್ನು ಬಿಟ್ಟು ಹೋಯಿತು. ಅಗೆದ ತಗ್ಗುಗಳೂ, ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಬೂದು ಬಣ್ಣದ ಪುಡಿಯ ರಾಶಿಗಳೂ ಊರಿಗೆ ಉಳಿದವು.

ಇಂಥ ರಾಶಿಗಳನ್ನು ಕಂಡ ಒಕ್ಕಲಿಗರಿಗೆ ಎರಡು ಸಂಗತಿಗಳು ತೋರುತ್ತವೆ. ಒಂದು, ಮಣ್ಣು ನುಣುಪಾಗಿ, ಕಲ್ಲುಹರಳಿಲ್ಲದೆ, ಬಂಡಿಗೆ ತುಂಬಲು ಬಹು ಅನುಕೂಲವಾಗಿರುವುದು. ಎರಡು, ಅದರ ಮೇಲೆ ಹುಲ್ಲು ಸಹ ಸರಿಯಾಗಿ ಹುಟ್ಟದಿರುವುದು. ಮೊದಲನೆಯದನ್ನು ನೋಡಿ ಮನೆಯ ನೆಲಕ್ಕೆ, ಗೋಡೆಗೆ, ಹೊಲದ ತಗ್ಗು ತುಂಬಲಿಕ್ಕೆ ಅದನ್ನು ಒಯ್ಯಬೇಕೆಂಬ ಆಶೆ ಯಾರಿಗಾದರೂ ಹುಟ್ಟುವುದು ಸಹಜ. ಎರಡನೆಯದನ್ನು ನೋಡಿ ಏಕೆ ಹೀಗೆಂದು ಕೇಳುವವರು ಕಡಿಮೆ. ಆ ಪ್ರಶ್ನೆಗೆ ಉತ್ತರವು ರಾಶಿಯೊಳಗಿನ ಒಂದು ಖನಿಜದಲ್ಲಿ ಅಡಗಿರುತ್ತದೆ.

ಚಿನ್ನದ ಅದಿರಿನಲ್ಲಿ ಚಿನ್ನವು ಅತ್ಯಲ್ಪ. ಅದರ ಜೊತೆಗಿರುವುದು ಹಿತ್ತಾಳೆಯಂತೆ ಹೊಳೆಯುವ ಮಾಕ್ಷಿಕ, ಅಂದರೆ ಕಬ್ಬಿಣವೂ ಗಂಧಕವೂ ಕೂಡಿ ಆದ ಖನಿಜ. ಇದರಲ್ಲಿಯೇ ಇನ್ನೊಂದು ಜಾತಿ ಉಂಟು. ಅದರಲ್ಲಿ ಕಬ್ಬಿಣ ಗಂಧಕಗಳ ಜೊತೆಗೆ ಪಾಷಾಣವೂ ಸೇರಿರುತ್ತದೆ. ರಸಾಯನಶಾಸ್ತ್ರಜ್ಞರು ಆರ್ಸೆನಿಕ್ ಎಂದು ಹೇಳುವ ವಸ್ತುವೇ ಈ ಪಾಷಾಣ. ನೆಲದ ಆಳದಲ್ಲಿ, ಗಾಳಿ ಸೋಕದೆ ಇರುವವರೆಗೆ ಈ ಖನಿಜಗಳು ಲಕ್ಷಾಂತರ ವರ್ಷ ಸುಮ್ಮನೆ ಬಿದ್ದಿರಬಲ್ಲವು. ಅವುಗಳನ್ನು ಮೇಲಕ್ಕೆ ತಂದು, ಹಿಟ್ಟಿನಂತೆ ಅರೆದು, ಗಾಳಿ ಮಳೆಗಳಿಗೆ ಒಡ್ಡಿದ ಕೂಡಲೆ ಸಂಗತಿಯು ಬೇರೆಯಾಗುವುದು. ಹೊಲದಲ್ಲಿ ಮರೆತು ಬಿಟ್ಟ ನೇಗಿಲಿನ ಕುಳವು ತುಕ್ಕು ಹಿಡಿಯುವಂತೆ ಮಾಕ್ಷಿಕವೂ ತುಕ್ಕು ಹಿಡಿಯುತ್ತದೆ. ಆದರೆ ಕುಳದಿಂದ ತುಕ್ಕು ಮಾತ್ರ ಬಂದರೆ, ಮಾಕ್ಷಿಕದಿಂದ ತುಕ್ಕಿನೊಡನೆ ಗಂಧಕಾಮ್ಲವೂ ಬರುವುದು. ಅರೆದಷ್ಟೂ ಗಾಳಿ ತಾಗುವ ಮೈ ಹೆಚ್ಚುವುದರಿಂದ, ಇಡಿಯ ಬಂಡೆಗಿಂತ ನುಣುಪಾದ ಪುಡಿಯು ಎಷ್ಟೋ ಪಾಲು ಬೇಗನೆ ಹುಳಿಯಾಗುವುದು.

ಈ ಕೆಲಸವನ್ನು ಗಾಳಿ ನೀರುಗಳೇ ಮಾಡಿದರೆ ಅದು ಬಹು ಸಾವಕಾಶವಾಗಿ ಸಾಗುತ್ತದೆ. ಆದರೆ ಹುಳಿಯಲ್ಲಿಯೇ ಬದುಕಿ, ಕಬ್ಬಿಣದಿಂದಲೇ ಜೀವಬಲ ಪಡೆಯುವ ಒಂದು ಸೂಕ್ಷ್ಮಜೀವಿಯುಂಟು. ಅಮೇರಿಕದ ಕಲ್ಲಿದ್ದಲು ಗಣಿಗಳ ನೀರಿನಲ್ಲಿ ಇದರ ಕೆಲಸವನ್ನು ಕಾಲ್ಮರ್ ಮತ್ತು ಹಿಂಕಲ್ ಎಂಬವರು 1947ರಲ್ಲಿ ಪ್ರಕಟಪಡಿಸಿದರು. ಹಾಲಿಗೆ ಹೆಪ್ಪು ಹಾಕಿದಂತೆ, ಒಮ್ಮೆ ರಾಶಿಯಲ್ಲಿ ಈ ಜೀವಿಯು ನೆಲೆಯೂರಿದರೆ ಹುಳಿಯು ಹುಳಿಯನ್ನೇ ಹೆಚ್ಚಿಸುತ್ತಾ ಹೋಗುವುದು. ಗಣಿಯು ಮುಚ್ಚಿ, ಯಂತ್ರಗಳನ್ನು ಕಿತ್ತೊಯ್ದು, ಕೂಲಿಕಾರರು ಚದರಿ ಹೋದ ಮೇಲೂ ಈ ಕೆಲಸವು ಹಲವು ತಲೆಮಾರುಗಳವರೆಗೆ ನಿಲ್ಲುವುದಿಲ್ಲ.

ಹುಳಿಯ ಪ್ರಮಾಣವನ್ನು ರಸಸಾರವೆಂಬ ಅಂಕಿಯಿಂದ ಅಳೆಯುತ್ತಾರೆ. ಶುದ್ಧ ನೀರಿನ ರಸಸಾರ 7. ಅದಕ್ಕೆ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ಇಲ್ಲಿ ಒಂದು ಅಂಕಿ ಇಳಿಯಿತೆಂದರೆ ಹುಳಿಯು ಹತ್ತು ಪಟ್ಟು ಏರಿತೆಂದು ತಿಳಿಯಬೇಕು. ಆದ ಕಾರಣ ರಸಸಾರ 3 ಇರುವ ನೀರು ಶುದ್ಧ ನೀರಿಗಿಂತ ಹತ್ತು ಸಾವಿರ ಪಟ್ಟು ಹುಳಿ. ರಸಸಾರವು 5ಕ್ಕಿಂತ ಕೆಳಗಿಳಿದ ಹಳ್ಳದಲ್ಲಿ ಬಹುತೇಕ ಮೀನುಗಳು ಬದುಕಲಾರವು. ಅಂಥ ಹುಳಿಯಲ್ಲಿ ಮಣ್ಣಿನೊಳಗಿನ ಅಲ್ಯೂಮಿನಿಯಂ ಕರಗಿ ಹೊರಬಂದು ಬೆಳೆಯ ಬೇರುಗಳನ್ನು ಮೊಂಡು ಮಾಡುವುದು. ನೀರಿನಲ್ಲಿ ಕರಗಿ ಬಂದ ಕಬ್ಬಿಣವು ಮುಂದೆ ಗಾಳಿ ತಾಗಿದಲ್ಲಿ ಕಾವಿ ಬಣ್ಣದ ಕೆಸರಾಗಿ ಇಳಿದು, ಹಳ್ಳದ ಕಲ್ಲು ಮರಳುಗಳನ್ನೆಲ್ಲಾ ಮೆತ್ತಿ, ಮೀನಿನ ಮೊಟ್ಟೆಗಳನ್ನೂ ನೀರುಹುಳುಗಳನ್ನೂ ಹೂತುಬಿಡುವುದು. ಇದು ಹೊಸ ಸಂಗತಿಯೇನೂ ಅಲ್ಲ. 1556ರಲ್ಲಿ ಅಚ್ಚಾದ ಅಗ್ರಿಕೋಲನ ಗಣಿಶಾಸ್ತ್ರದ ಗ್ರಂಥದಲ್ಲಿಯೇ, ಅದಿರು ತೊಳೆದ ನೀರು ಹಳ್ಳಕ್ಕೆ ಸೇರಿ ಮೀನುಗಳು ಸಾಯುತ್ತವೆ ಇಲ್ಲವೆ ಓಡಿಹೋಗುತ್ತವೆ ಎಂಬ ದೂರು ದಾಖಲಾಗಿದೆ. ಸ್ಪೇನ್ ದೇಶದ ರಿಯೊ ಟಿಂಟೊ ನದಿಯು ಇಂದಿಗೂ ಕೆಂಪಾಗಿಯೇ ಹರಿಯುತ್ತದೆ.

ಇಷ್ಟನ್ನು ಓದಿದ ಸುರಪುರ ಶಹಾಪುರಗಳ ಜಮೀನುದಾರರು, ತಮ್ಮ ಊರ ಹಳ್ಳವು ಕೆಂಪಾಗಿಲ್ಲ, ನೀರು ಹುಳಿಯಾಗಿಲ್ಲ, ಆದ್ದರಿಂದ ತಮಗೆ ಈ ಉಪದ್ರವವಿಲ್ಲವೆಂದು ಸಮಾಧಾನ ಪಡಬಹುದು. ಈ ಸಮಾಧಾನವೇ ತಪ್ಪಿನ ಮೂಲ.

ಈ ಸೀಮೆಯ ನೆಲದ ಗುಣವನ್ನು ಸ್ವಲ್ಪ ವಿಚಾರಿಸಬೇಕು. ಇಲ್ಲಿಯ ಎರೆ ಭೂಮಿಯು ಸಾಮಾನ್ಯವಾಗಿ ಕ್ಷಾರದ ಕಡೆಗೆ ವಾಲಿರುವಂಥದು. ನೇಗಿಲು ಹೊಡೆದಲ್ಲೆಲ್ಲಾ ಸುಣ್ಣದ ಹರಳು ಮೇಲೆ ಬರುತ್ತದೆ. ಶಹಾಪುರ ತಾಲೂಕಿನಲ್ಲಿ ಭೀಮೆಯ ಕಡೆಗೆ ಹೋದರೆ ನೆಲವೇ ಸುಣ್ಣದ ಕಲ್ಲು. ಹುಣಿಸೆಹಣ್ಣಿನ ಗಟ್ಟಿ ರಸವನ್ನೋ ನಿಂಬೆಯ ರಸವನ್ನೋ ಸುಣ್ಣದ ಕಲ್ಲಿನ ಪುಡಿಯ ಮೇಲೆ ಬಿಟ್ಟರೆ ನೊರೆ ಏಳುವುದನ್ನು ಯಾರಾದರೂ ಪರೀಕ್ಷಿಸಿ ನೋಡಬಹುದು. ಹುಳಿಯು ಸುಣ್ಣವನ್ನು ತಿಂದು ತಾನೂ ಸಾಯುವ ಗುರುತು ಅದು. ರಾಶಿಯಿಂದ ಇಳಿದ ಗಂಧಕಾಮ್ಲಕ್ಕೂ ಇದೇ ಗತಿ. ಕೆಲವು ಮಾರು ದೂರ ಹರಿಯುವುದರೊಳಗೆ ಅದರ ಹುಳಿಯು ಮುರಿದು, ಕಬ್ಬಿಣವು ಕೆಸರಾಗಿ ಕುಳಿತು, ನೀರು ತಿಳಿಯಾಗುವುದು. ಮೇಲಾಗಿ ಇಲ್ಲಿ ಮಳೆಯು ವರ್ಷದಲ್ಲಿ ನಾಲ್ಕೈದು ತಿಂಗಳ ಮಾತು. ಉಳಿದ ಕಾಲದಲ್ಲಿ ರಾಶಿಯಿಂದ ಹರಿಯಲು ನೀರೇ ಇರುವುದಿಲ್ಲ. ಆದುದರಿಂದ ಹಳ್ಳವು ವರ್ಷವಿಡೀ ಕೆಂಪಾಗುವ ನೋಟವು ಈ ಸೀಮೆಯಲ್ಲಿ ಕಾಣದು.

ಬೇಸಿಗೆಯಲ್ಲಿ ಏನಾಗುವುದೆಂಬುದನ್ನೂ ನೋಡಬೇಕು. ರಾಶಿಯೊಳಗಿನ ತೇವವು ಬಿಸಿಲಿಗೆ ಮೇಲಕ್ಕೆ ಬಂದು ಆರುವಾಗ ಮೈಮೇಲೆ ಬಿಳಿ, ಹಳದಿ ಅಥವಾ ತಿಳಿಹಸುರು ಬಣ್ಣದ ಉಪ್ಪಿನ ಪದರು ಬಿಡುತ್ತದೆ. ಸವಳು ಭೂಮಿಯ ಉಪ್ಪೆಂದು ಇದನ್ನು ಎಣಿಸಬಾರದು. ಇದು ಹುಳಿಯನ್ನೂ ಲೋಹಗಳನ್ನೂ ಒಣಗಿಸಿ ಇಟ್ಟುಕೊಂಡ ಉಪ್ಪು. ತಿಂಗಳುಗಟ್ಟಲೆ ಕೂಡಿದ ಈ ಉಪ್ಪೆಲ್ಲವೂ ಮುಂಗಾರಿನ ಮೊದಲ ದೊಡ್ಡ ಮಳೆಗೆ ಒಮ್ಮೆಲೇ ಕರಗಿ ಹಳ್ಳಕ್ಕೆ ಇಳಿಯುವುದು. ವರ್ಷದಲ್ಲಿ ಅತಿ ಕೆಟ್ಟ ನೀರು ಇದೇ. ದುರ್ದೈವವೆಂದರೆ, ಬೇಸಿಗೆಯಲ್ಲಿ ನೀರಿಲ್ಲದೆ ಬಳಲಿದ ದನಕರುಗಳು ಹಳ್ಳಕ್ಕೆ ಓಡಿಬಂದು ಕುಡಿಯುವುದೂ ಇದನ್ನೇ. ಹಳೆಯ ಗಣಿಯ ಕೆಳಗಿನ ಹಳ್ಳಕ್ಕೆ ಮೊದಲ ಒಂದೆರಡು ಹರಿವು ಕಳೆಯುವವರೆಗೆ ದನಗಳನ್ನು ಬಿಡಬಾರದೆಂದು ಊರ ಹಿರಿಯರು ಕಟ್ಟುಮಾಡಿದರೆ ಅದಕ್ಕೆ ಕಾಸಿನ ಖರ್ಚೂ ಇಲ್ಲ.

ಈಗ ಮುಖ್ಯ ವಿಷಯ. ಸುಣ್ಣವು ಹುಳಿಯನ್ನು ಕೊಲ್ಲುತ್ತದೆ, ಪಾಷಾಣವನ್ನು ಕೊಲ್ಲುವುದಿಲ್ಲ. ತಾಮ್ರ ಕಬ್ಬಿಣಗಳಂಥ ಲೋಹಗಳು ನೀರಿನ ಹುಳಿ ಮುರಿದಾಗ ಬಹುಮಟ್ಟಿಗೆ ಕೆಸರಾಗಿ ಇಳಿದುಬಿಡುತ್ತವೆ. ಪಾಷಾಣದ ರೀತಿಯೇ ಬೇರೆ. ಅದರಲ್ಲಿ ಒಂದಿಷ್ಟು ಪಾಲು ಕಾವಿ ಕೆಸರಿಗೆ ಅಂಟಿಕೊಂಡು ಕೂಡುವುದು ನಿಜ. ಆದರೆ ನೀರು ಕ್ಷಾರವಾದಷ್ಟೂ ಆ ಅಂಟು ಸಡಿಲುವುದು. ರಸಸಾರವು ಎಂಟೂವರೆಯ ಮೇಲೆ ಹೋದರೆ ಪಾಷಾಣವು ಕೆಸರನ್ನು ಬಿಟ್ಟು ಮತ್ತೆ ನೀರಿಗೆ ಸೇರಲು ಹವಣಿಸುತ್ತದೆ. ಆಗ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಭೇದವಿಲ್ಲ. ಹುಳಿನೀರನ್ನು ನಾಲಗೆಯಾದರೂ ಗುರುತಿಸಿ ಉಗುಳೀತು. ಪಾಷಾಣದ ನೀರನ್ನು ನಾಲಗೆ ಒಪ್ಪಿಕೊಳ್ಳುವುದು.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಕಿರದಳ್ಳಿ ತಾಂಡಾವೇ ಸಾಕ್ಷಿ. ಮಂಗಳೂರು ಶಿಲಾಪಟ್ಟಿಯ ಹಳೆಯ ಗಣಿ ಸೀಮೆಯಲ್ಲಿ ವಿಜ್ಞಾನಿಗಳೂ ವೈದ್ಯರೂ ಕೂಡಿ ನಡೆಸಿದ ಪರೀಕ್ಷೆಯ ಫಲಿತಾಂಶಗಳು 2013ರಲ್ಲಿ ಪ್ರಕಟವಾದವು. 59 ಕೊಳವೆ ಬಾವಿಗಳ ನೀರಿನಲ್ಲಿ ನೂರಕ್ಕೆ 79ರಷ್ಟು, ಕುಡಿಯುವ ನೀರಿಗೆ ವಿಧಿಸಿದ ಮಿತಿಯನ್ನು, ಅಂದರೆ ಲೀಟರಿಗೆ 10 ಮೈಕ್ರೋಗ್ರಾಂ ಪಾಷಾಣವನ್ನು ಮೀರಿದ್ದವು. ಎಲ್ಲಕ್ಕೂ ಕೆಟ್ಟದರಲ್ಲಿ 303 ಮೈಕ್ರೋಗ್ರಾಂ, ಮಿತಿಯ ಮೂವತ್ತು ಪಟ್ಟು. ಮೇಲ್ಮಣ್ಣಿನ 12 ಮಾದರಿಗಳಲ್ಲಿ 6ರಲ್ಲಿ ಕಿಲೋಗ್ರಾಂ ಮಣ್ಣಿಗೆ 2000 ಮಿಲಿಗ್ರಾಮಿಗಿಂತ ಹೆಚ್ಚಿನ ಪಾಷಾಣವಿತ್ತು. ಸಾಮಾನ್ಯ ಹೊಲದ ಮಣ್ಣಿನಲ್ಲಿ ಇದು ಐದು ಹತ್ತು ಮಿಲಿಗ್ರಾಂ ಇದ್ದರೆ ಹೆಚ್ಚು. ಗಣಿಯ ಪುಡಿ ಬಂದು ಬೆರೆತಿರುವುದೇ ಇದಕ್ಕೆ ಕಾರಣವಿರಬಹುದೆಂದು ಪರೀಕ್ಷಕರು ಅಭಿಪ್ರಾಯಪಟ್ಟರು. ಪರೀಕ್ಷಿಸಿದ 181 ಜನರಲ್ಲಿ ನೂರಕ್ಕೆ 58ಕ್ಕೂ ಹೆಚ್ಚು ಮಂದಿಯ ಚರ್ಮದ ಮೇಲೆ ಪಾಷಾಣದ ಗುರುತುಗಳು ಮೂಡಿದ್ದವು. ಗಣಿಯ ಚಿನ್ನದಲ್ಲಿ ತಾಂಡಾದ ಜನರಿಗೆ ಪಾಲಿರಲಿಲ್ಲ.

ಒಂದು ಎಚ್ಚರಿಕೆ ಅಗತ್ಯ. ಬಾವಿಯಲ್ಲಿ ಕಂಡ ಪಾಷಾಣವೆಲ್ಲವೂ ರಾಶಿಯಿಂದಲೇ ಇಳಿದದ್ದೆಂದು ಹೇಳಲಾಗದು. ಈ ಕಲ್ಲಿನ ಪಟ್ಟಿಯಲ್ಲಿಯೇ ಪಾಷಾಣದ ಮಾಕ್ಷಿಕವಿರುವುದರಿಂದ, ಅದರ ಎಳೆಯನ್ನು ಸೀಳಿಕೊಂಡು ಇಳಿದ ಕೊಳವೆ ಬಾವಿಗೆ ಗಣಿಯ ಹಂಗಿಲ್ಲದೆಯೂ ವಿಷ ಬರಬಹುದು. ನೂರು ಮಾರು ಅಂತರದ ಎರಡು ಬಾವಿಗಳಲ್ಲಿ ಒಂದು ಒಳ್ಳೆಯದಾಗಿ ಇನ್ನೊಂದು ಕೆಟ್ಟದ್ದಾಗಿರುವುದು ಇದೇ ಕಾರಣದಿಂದ. ನೆರೆಯವನ ಬಾವಿಯ ಪರೀಕ್ಷೆಯಿಂದ ತನ್ನ ಬಾವಿಯ ನೀರಿಗೆ ತೀರ್ಪು ಕೊಡಲಿಕ್ಕೆ ಬಾರದು.

ಶಹಾಪುರ ತಾಲೂಕಿನ ಗೋಗಿಯ ಹತ್ತಿರ ಸುಣ್ಣದ ಕಲ್ಲಿನಲ್ಲಿಯೂ ಅದರ ಕೆಳಗಿನ ಗ್ರಾನೈಟಿನ ಬಿರುಕುಗಳಲ್ಲಿಯೂ ಯುರೇನಿಯಂ ದೊರೆತಿದೆ; ಅಲ್ಲಿಯೂ ಜೊತೆಗೆ ಮಾಕ್ಷಿಕವಿದೆ. ಸುಣ್ಣವಿರುವ ಕಾರಣ ಅಲ್ಲಿ ಹುಳಿನೀರಿನ ಭಯ ಕಡಿಮೆಯೆಂದು ಹೇಳಬಹುದು. ಆದರೆ ಯುರೇನಿಯಂ ಸಹ ಸುಣ್ಣದ ಕ್ಷಾರನೀರಿನಲ್ಲಿ ಸುಲಭವಾಗಿ ಕರಗಿ ಸಾಗುವ ವಸ್ತುವೇ. ಆ ಸೀಮೆಯ ಗೌಡರು ತಮ್ಮ ಬಾವಿಗಳ ಇಂದಿನ ಸ್ಥಿತಿಯನ್ನು ಪರೀಕ್ಷೆ ಮಾಡಿಸಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಗಣಿ ಬಂದರೂ ಬರದಿದ್ದರೂ ಆ ಕಾಗದವು ಊರಿಗೆ ಉಪಯೋಗಕ್ಕೆ ಬರುವುದು. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದಾಗ ಮೂರು ಕೋಟಿ ಟನ್ನಿಗೂ ಮಿಕ್ಕ ಪುಡಿಯು ದಿಬ್ಬಗಳಾಗಿ ಊರ ನಡುವೆ ಉಳಿಯಿತು; ಗಣಿ ನಿಂತ ಮೇಲೆ ಎಚ್ಚರಗೊಂಡರೆ ಹೇಗಿರುತ್ತದೆಂಬುದಕ್ಕೆ ಅವು ಸಾಕಷ್ಟು ಎತ್ತರವಾಗಿಯೇ ನಿಂತಿವೆ.

ಊರ ಮುಖ್ಯಸ್ಥರು ಮಾಡತಕ್ಕ ಕೆಲಸಗಳಲ್ಲಿ ಮೊದಲನೆಯದು, ರಾಶಿಯ ಮಣ್ಣನ್ನು ಯಾರೂ ಮುಟ್ಟದಂತೆ ತಡೆಯುವುದು. ಹೊಲಕ್ಕೆ, ಇಟ್ಟಂಗಿಗೆ, ನೆಲಗಟ್ಟಿಗೆ ಒಂದು ಬುಟ್ಟಿಯನ್ನೂ ಒಯ್ಯಕೂಡದು. ಇದರಷ್ಟೇ ಮುಖ್ಯವಾದದ್ದು ಕೆರೆಯ ಹೂಳಿನ ವಿಷಯ. ಕೆರೆಯ ಹೂಳನ್ನು ಹೊಲಕ್ಕೆ ಹೊಡೆಯುವುದು ಒಳ್ಳೆಯ ಸಂಪ್ರದಾಯ, ಅದನ್ನು ಈ ಪತ್ರಿಕೆಯ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಹಳೆಯ ಗಣಿಯ ಹಳ್ಳವು ಬಂದು ಕೂಡುವ ಕೆರೆ ಕುಂಟೆಗಳಲ್ಲಿ ಪಾಷಾಣ ಹಿಡಿದ ಕಾವಿ ಕೆಸರು ಆ ಹೂಳಿನಲ್ಲಿಯೇ ಕುಳಿತಿರುತ್ತದೆ. ಅಂಥ ಕೆರೆಯ ಹೂಳನ್ನು ಪರೀಕ್ಷೆಯಿಲ್ಲದೆ ಎತ್ತಬಾರದು.

ರಾಶಿಯ ಮೇಲ್ಗಡೆಯಲ್ಲಿ ಕಾಲುವೆ ತೋಡಿ ಮಳೆನೀರು ಅದರ ಮೇಲೆ ಹಾಯದಂತೆ ಬದಿಗೆ ತಿರುಗಿಸುವುದು, ಕೆಳಗಡೆ ಒಡ್ಡು ಹಾಕಿ ಕೊಚ್ಚಿಬಂದ ಪುಡಿಯನ್ನು ಹಿಡಿಯುವುದು, ಇವು ಸಣ್ಣ ರಾಶಿಗಳಿಗೆ ಆಗತಕ್ಕ ಕೆಲಸಗಳು. ಹೊದಿಕೆಗೆ ಎರೆ ಮಣ್ಣು ಹತ್ತಿರದಲ್ಲಿಯೇ ಸಿಕ್ಕುವುದರಿಂದ ಅದನ್ನೇ ಹಾಕಲು ಮನಸ್ಸಾಗುತ್ತದೆ; ಆದರೆ ಬರಿಯ ಎರೆ ಮಣ್ಣು ಬೇಸಿಗೆಯಲ್ಲಿ ಅಂಗೈ ಅಗಲ ಬಿರಿದು ಗಾಳಿ ನೀರುಗಳಿಗೆ ಬಾಗಿಲು ತೆರೆಯುವುದು. ಎರೆಯ ಪದರನ್ನು ತುಳಿದು ಗಟ್ಟಿಮಾಡಿ, ಅದು ಆರದಂತೆ ಮೇಲೆ ದಪ್ಪನಾದ ಮಸಾರಿ ಅಥವಾ ಮೊರಂ ಹೊದಿಸಿ, ಲಾವಂಚದ ಸಾಲು ಹಚ್ಚಿದರೆ ತಕ್ಕಮಟ್ಟಿಗೆ ನಿಲ್ಲುತ್ತದೆ. ಲಾವಂಚವು ಹುಳಿಯನ್ನೂ ಲೋಹಗಳನ್ನೂ ತಾಳಬಲ್ಲದು. ಅದನ್ನು ದನಗಳಿಗೆ ಹಾಕಬಾರದು.

ಸುಣ್ಣ ಹಾಕುವ ಲೆಕ್ಕವು ಹೀಗಿದೆ. ರಾಶಿಯ ಮಣ್ಣಿನಲ್ಲಿ ಮಾಕ್ಷಿಕದ ರೂಪದ ಗಂಧಕವು ನೂರಕ್ಕೆ 1 ಪಾಲಿದ್ದರೆ, ಅದರಿಂದ ಹುಟ್ಟುವ ಹುಳಿಯನ್ನು ಮುರಿಯಲು ಟನ್ನಿಗೆ 31¼ ಕಿಲೋಗ್ರಾಂ ಶುದ್ಧ ಸುಣ್ಣದ ಕಲ್ಲಿನ ಪುಡಿ ಬೇಕು. ಗಂಧಕ 2 ಪಾಲಿರುವ 100 ಟನ್ನಿನ ಸಣ್ಣ ರಾಶಿಗೆ ಆರೂಕಾಲು ಟನ್ನು. ದೊಡ್ಡ ದಿಬ್ಬಗಳಿಗೆ ಇದು ಊರಿನವರಿಂದ ಆಗುವ ಮಾತಲ್ಲ. ಅಂಥಲ್ಲಿ ಜಿಲ್ಲಾಧಿಕಾರಿಗಳಿಗೂ ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಊರ ಹೆಸರಿನಲ್ಲಿ ಅರ್ಜಿ ಬರೆಯತಕ್ಕದ್ದು, ಸಣ್ಣ ರಾಶಿಗೂ ಕೈಹಚ್ಚುವ ಮೊದಲು ಅವರ ಒಪ್ಪಿಗೆ ಪಡೆಯತಕ್ಕದ್ದು. ಸುಟ್ಟ ಸುಣ್ಣವನ್ನು ಸರ್ವಥಾ ಉಪಯೋಗಿಸಬಾರದು. ಅದು ನೀರನ್ನು ತೀವ್ರ ಕ್ಷಾರಕ್ಕೆ ಒಯ್ದು, ಮೇಲೆ ಹೇಳಿದಂತೆ ಪಾಷಾಣವನ್ನು ಬಿಡಿಸಿಬಿಡುವುದು. ಹಳ್ಳದಲ್ಲಿ ಸುಣ್ಣದ ಕಲ್ಲಿನ ಗುಂಡುಗಳನ್ನು ಹಾಕುವುದೂ ಬಹುಕಾಲ ಫಲಿಸದು. ಕಬ್ಬಿಣದ ಕಾವಿಯು ಕಲ್ಲಿನ ಮೈಗೆ ಕವಚದಂತೆ ಮೆತ್ತಿ ಸುಣ್ಣವನ್ನು ಮುಚ್ಚಿಹಾಕುವುದು.

ಬೆಳೆಗಳ ವಿಷಯದಲ್ಲಿ ಕಾಲುವೆ ನೀರು ಬಂದ ಮೇಲೆ ಒಂದು ಹೊಸ ಅಪಾಯವು ಹುಟ್ಟಿಕೊಂಡಿದೆ. ನಾರಾಯಣಪುರದ ಜಲಾಶಯದಿಂದ ನೀರು ಹರಿದ ತರುವಾಯ ಈ ತಾಲೂಕುಗಳಲ್ಲಿ ಭತ್ತವು ಬಹಳ ಹಬ್ಬಿತು. ಕೃಷ್ಣೆಯ ನೀರಿನಲ್ಲಿ ದೋಷವಿಲ್ಲ. ಆದರೆ ಪಾಷಾಣವಿರುವ ಮಣ್ಣಿನಲ್ಲಿ ನೀರು ನಿಲ್ಲಿಸಿದರೆ, ಗಾಳಿಯಿಲ್ಲದ ಆ ಕೆಸರಿನಲ್ಲಿ ಕಬ್ಬಿಣದ ಕಾವಿಯು ಕರಗಿ, ಅದಕ್ಕಂಟಿದ್ದ ಪಾಷಾಣವು ಬಿಡುಗಡೆಯಾಗುವುದು. ಮತ್ತು ಭತ್ತದ ಗಿಡವು ಅದನ್ನು ಉಳಿದ ಧಾನ್ಯಗಳಿಗಿಂತ ಹೆಚ್ಚಾಗಿ ಹೀರಿಕೊಳ್ಳುವುದು. ನೀರಾವರಿಯ ನೀರಿನಲ್ಲಿ ಪಾಷಾಣವು ಲೀಟರಿಗೆ 100 ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಸೂಚನೆ. ಜೋಳದ ಕುಲದ ಸೂಡಾನ್ ಹುಲ್ಲು ಇದರ ನೂರು ಪಟ್ಟಿಗೂ ಜಗ್ಗದಿರುವಾಗ, ಭತ್ತಕ್ಕೆ ಇದರ ಅರ್ಧಕ್ಕೂ ಕಡಿಮೆ ಪಾಷಾಣವೇ ಬಾಧಕವೆಂದು ಅದೇ ಸಂಸ್ಥೆಯು ಹೇಳಿದೆ. ಆದ್ದರಿಂದ ಹಳೆಯ ಗಣಿಯ ಕೆಳಗಿನ ಹೊಲಗಳಲ್ಲಿ ಪರೀಕ್ಷೆಯಾಗುವವರೆಗೆ ಭತ್ತವನ್ನೂ, ಸೊಪ್ಪು ಮತ್ತು ಗಡ್ಡೆಯ ಕಾಯಿಪಲ್ಲೆಗಳನ್ನೂ ಬಿಟ್ಟು, ಹತ್ತಿಯಂಥ ಒಣ ಬೇಸಾಯದ ಬೆಳೆಗೆ ತಿರುಗುವುದು ಲೇಸು. ಭತ್ತದ ದರದ ಮುಂದೆ ಈ ಮಾತು ಕಹಿಯಾದೀತು.

ಪಾಷಾಣದ ನೀರನ್ನು ಕುದಿಸಿದರೆ ದೋಷ ಹೋಗುವುದೆಂಬ ನಂಬಿಕೆಯು ತಪ್ಪು; ನೀರು ಆವಿಯಾಗಿ ಹೋಗಿ ಪಾಷಾಣವು ಹಿಂದುಳಿಯುವುದು. ಮೈಮೇಲೆ ಮಳೆಹನಿ ಬಿದ್ದಂತೆ ಕಪ್ಪು-ಬಿಳಿ ಚುಕ್ಕೆಗಳು, ಅಂಗೈ ಅಂಗಾಲುಗಳಲ್ಲಿ ಗಡುಸಾದ ಗಂಟುಗಳು ಕಂಡವರನ್ನು ಕೂಡಲೆ ಸರಕಾರಿ ದವಾಖಾನೆಗೆ ಕಳುಹಿಸತಕ್ಕದ್ದು. ಇದು ಒಬ್ಬರಿಂದ ಒಬ್ಬರಿಗೆ ಹತ್ತುವ ರೋಗವಲ್ಲ. ಕುಷ್ಠವೆಂದು ಬಗೆದು ದೂರವಿಡುವುದು ಅನ್ಯಾಯ. ಕೆಟ್ಟ ನೀರನ್ನು ಬಿಡಿಸುವುದೇ ಮೊದಲ ಔಷಧ. ಪರೀಕ್ಷೆಯಲ್ಲಿ ಕೆಟ್ಟದ್ದೆಂದು ಕಂಡ ಕೈಪಂಪಿಗೆ ಕೆಂಪು ಬಣ್ಣ ಬಳಿಸಿ, ಕುಡಿಯಲಿಕ್ಕೂ ಅಡಿಗೆಗೂ ನದಿಯಿಂದ ಬಂದ ನಳದ ನೀರನ್ನು ಅಥವಾ ಶುದ್ಧ ಮಾಳಿಗೆಯಿಂದ ಹಿಡಿದ ಮಳೆನೀರನ್ನು ಒದಗಿಸಬೇಕು.

ಮಣ್ಣಿನ ಸಲಹೆಗೆ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯವನ್ನಾಗಲಿ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಕೇಳಬಹುದು. ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಪಾಷಾಣವು ಸೇರಿಲ್ಲವಾದ ಕಾರಣ, ಆ ಪರೀಕ್ಷೆ ಬೇಕೆಂದು ಬಾಯಿಬಿಟ್ಟು ಕೇಳಲೇಬೇಕು. ಚೀಟಿಯಲ್ಲಿ ಎಲ್ಲವೂ ಸರಿಯೆಂದಿದ್ದರೆ ಪಾಷಾಣವೂ ಇಲ್ಲವೆಂದು ಅರ್ಥವಲ್ಲ. ನೀರಿನ ಮಾದರಿಯನ್ನು ವರ್ಷಕ್ಕೆ ಎರಡು ಸಲ, ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ತೆಗೆಯಬೇಕು. ಹಳ್ಳದ್ದಾದರೆ ಮುಂಗಾರಿನ ಮೊದಲ ಹರಿವಿನಲ್ಲಿಯೂ ಒಂದು. ಪ್ರಯೋಗಶಾಲೆಯವರು ಕೊಟ್ಟ ಪ್ಲಾಸ್ಟಿಕ್ ಶೀಶೆಯನ್ನೇ ಉಪಯೋಗಿಸಬೇಕು, ಅದರಲ್ಲಿ ಮೊದಲೇ ಔಷಧ ಹಾಕಿದ್ದರೆ ತೊಳೆಯಬಾರದು. ಪಂಪನ್ನು ಹತ್ತು ನಿಮಿಷ ಹೊಡೆದು, ಕೊಳವೆಯಲ್ಲಿ ನಿಂತ ನೀರನ್ನು ಹೊರಚೆಲ್ಲಿ, ಆಮೇಲೆ ಹಿಡಿಯಬೇಕು. ಊರು, ಬಾವಿಯ ಗುರುತು, ಆಳ, ತಾರೀಖುಗಳನ್ನು ಅಲ್ಲಿಯೇ ಶೀಶೆಯ ಮೇಲೆ ಬರೆಯತಕ್ಕದ್ದು. ಮನೆಗೆ ಬಂದು ನೆನಪಿನಿಂದ ಬರೆದರೆ ಒಂದು ಬಾವಿಯ ನೀರು ಇನ್ನೊಂದರ ಹೆಸರಿಗೆ ಬೀಳುವುದು.